ಕೆಳಗಿನ ಸಾಲಿಗೆ ಇಳಿಯದ ಬೀಜದಮ್ಮ

ದ್ರಾಕ್ಷಿತೋಟದಲ್ಲಿ ಅವಳಿಗೆ ಬೀಜದಮ್ಮ ಎಂದೇ ಹೆಸರು. ಹಣ್ಣು ಸಿಹಿಯೋ ಹುಳಿಯೋ ಎಂದು ಯಾರು ಬೇಕಾದರೂ ಹೇಳಿಯಾರು. ಕೆಂಪು ವೈನಿಗೆ ಅಷ್ಟು ಸಾಲದು. ಒಳಗಿನ ಬೀಜ ಕಂದುಬಣ್ಣಕ್ಕೆ ತಿರುಗಿ, ಹಲ್ಲಿಗೆ ಸಿಕ್ಕರೆ ಕಟಕ್ಕೆನ್ನಬೇಕು. ಬೀಜ ಹಸಿಯಿದ್ದಾಗಲೇ ಕೊಯ್ದರೆ ವೈನು ಒಗರೋ ಒಗರು, ವರ್ಷದ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಡಲ ಮಂಜು ಮಧ್ಯಾಹ್ನದವರೆಗೂ ಕದಲದ ಆ ತಂಪು ಇಳಿಜಾರಿನಲ್ಲಿ ಹಣ್ಣು ಮಾಗುವುದು ನಿಧಾನ, ಅದೂ ಸಾಲಿನಿಂದ ಸಾಲಿಗೆ ಬೇರೆ ಬೇರೆ. ಹಾಗಾಗಿ ಪ್ರತಿವರ್ಷ ಅವಳು ಮೇಲಿನ ಸಾಲಿನಿಂದ ಕಡಲಂಚಿನ ಸಾಲಿನವರೆಗೆ ನಡೆದು, ಸಾಲುಸಾಲಿನ ಬೀಜ ಅಗಿದು, ಕೊಯ್ಲಿನ ದಿನ ಹೇಳುತ್ತಿದ್ದಳು. ಇಪ್ಪತ್ತೆಂಟು ವರ್ಷದಲ್ಲಿ ಯಜಮಾನರು ಒಮ್ಮೆಯೂ ಎದುರಾಡಿರಲಿಲ್ಲ.

ಈ ವರ್ಷ ಅವಳ ಮಂಡಿ ಕೈಕೊಟ್ಟಿತು, ಇಳಿಜಾರು ಇಳಿಯುವುದೇ ಕಷ್ಟವಾಯಿತು. ಹೇಳಿದರೆ ನಾಳೆಯೇ ಮನೆಯಲ್ಲಿ ಕೂರಿಸಿಬಿಡುತ್ತಾರೆ. ಕೂತು ಉಣ್ಣುವ ಜಾಯಮಾನ ಅವಳದಲ್ಲ. ಮೇಲಿನ ನಾಲ್ಕು ಸಾಲು ನೋಡಿದಳು, ಬೀಜ ಚೆನ್ನಾಗಿ ಬಲಿತಿತ್ತು. ಕೆಳಗೂ ಹೀಗೇ ಇದ್ದೀತು ಎಂದುಕೊಂಡು, ಎಲ್ಲ ಸಾಲೂ ನೋಡಿದೆ, ನಾಳೆ ಬೆಳಿಗ್ಗೆಯೇ ಕೊಯ್ಯಿರಿ ಎಂದುಬಿಟ್ಟಳು.

ಹೇಳಿದ್ದೇ ಹೇಳಿದ್ದು, ನೆಮ್ಮದಿ ಹಾರಿಹೋಯಿತು. ಕಾಲು ಸುಟ್ಟ ಬೆಕ್ಕಿನಂತೆ ಅಡುಗೆಮನೆಗೂ ಹೊಸ್ತಿಲಿಗೂ ಅಲೆದಳು. ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ವೈನಿನ ಪೀಪಾಯಿಗಳನ್ನು ನೋಡಿಕೊಳ್ಳುವ ಸೊಸೆ, ಏನಾಯ್ತತ್ತೆ ಎಂದು ಎರಡು ಸಲ ಕೇಳಿ, ಎರಡು ಸಲವೂ ಬೈಸಿಕೊಂಡಳು. ಪಾಪ, ಅವಳದೇನು ತಪ್ಪು?

ಬೆಳಕು ಹರಿಯುತ್ತಲೇ ಬೀಜದಮ್ಮ ಯಾರಿಗೂ ಹೇಳದೆ ಹೊರಟಳು. ಬಳ್ಳಿಯ ಕಂಬ ಹಿಡಿದು, ಆಗದ ಕಡೆ ಕೂತು ಜಾರಿ, ಅಂತೂ ಕೊನೆಯ ಸಾಲು ಮುಟ್ಟಿದಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡಳು. ಸಿಹಿ. ಬೀಜ ಮಾತ್ರ ಹಸಿರು. ಇನ್ನೊಂದು ಬಳ್ಳಿ, ಮತ್ತೊಂದು ಬಳ್ಳಿ, ಎಲ್ಲವೂ ಅದೇ. ಅಷ್ಟರಲ್ಲಿ ಯಜಮಾನರೂ ಕೊಯ್ಲಿನವರೂ ಬುಟ್ಟಿ ಹೊತ್ತು ಬಂದೇಬಿಟ್ಟರು; ಕೊಯ್ಲು ಕೆಳಗಿನಿಂದಲೇ ಶುರು. ಸೊಸೆಯೂ ಜೊತೆಗಿದ್ದಳು.

ಸುಮ್ಮನಿದ್ದರೆ ಆಗುತ್ತಿತ್ತು. ವೈನು ಕೆಟ್ಟ ಮೇಲೆ ಮಂಜಿನ ಮೇಲೆ ಗೂಬೆ ಕೂರಿಸಿದರೆ ಯಾರು ಕೇಳಬೇಕು? ಆದರೆ ಅವಳು ಬಳ್ಳಿಗೆ ಅಡ್ಡ ನಿಂತಳು.

"ಕತ್ತರಿ ಕೆಳಗಿಡಿ. ಇಲ್ಲಿ ಬೀಜ ಇನ್ನೂ ಹಸಿ ಇದೆ. ನಿನ್ನೆ ನಾನು ಇಲ್ಲಿಗೆ ಇಳಿದೇ ಇಲ್ಲ. ಮಂಡಿ ಹೋಗಿದೆ, ಸುಳ್ಳು ಹೇಳ್ದೆ."

ಇಪ್ಪತ್ತು ಜನ ನಿಂತಲ್ಲೇ ನಿಂತರು. ಅವಳಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಯಜಮಾನರು ತಾವೇ ಒಂದು ಬೀಜ ಅಗಿದು ಉಗಿದರು. ಮೇಲಿನ ನಾಲ್ಕು ಸಾಲು ಮಾತ್ರ ಇವತ್ತು, ಉಳಿದದ್ದು ಆಮೇಲೆ ಎಂದು ಜನರನ್ನು ಕಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು:

"ಸರಿ ಕಣಮ್ಮ. ಇನ್ಮೇಲೆ ಇಲ್ಲಿಗಿಳಿದು ನೋಡೋರು ಯಾರು?"

ಅವಳು ಹೆದರಿದ್ದೇ ಈ ಮಾತಿಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಕಣ್ಣು ತುಂಬಿ ಬಂದವು. ಒಂದು ಹಣ್ಣು ಕಿತ್ತು ಸೊಸೆಯ ಅಂಗೈಯಲ್ಲಿಟ್ಟಳು.

"ಸಿಹಿ ನಂಬಬೇಡ, ಬೀಜ ಅಗಿ. ಎಲ್ಲ ಸಾಲಿಗೂ ಇಳಿ. ಇಳಿಯೋಕಾಗದ ದಿನ ಬಂದ್ರೆ, ಆಗಲ್ಲ ಅಂತ ಅವತ್ತೇ ಹೇಳ್ಬಿಡು."

ಸೊಸೆ ಹಣ್ಣು ಬಾಯಿಗೆ ಹಾಕಿಕೊಂಡಳು. ಬೀಜದಮ್ಮ ಹತ್ತಲಾರದೆ ಸಾಲಿನ ನಡುವೆ ಮಣ್ಣಿನ ಮೇಲೆಯೇ ಕೂತುಬಿಟ್ಟಳು.