ಮುನಿಯಮ್ಮನ ಗಿಣ್ಣು ಹಾಲು

೧೯೯೨ರಲ್ಲಿ, ಎಂಟನೇ ಕ್ಲಾಸಿಗೆ, ಓದು ಬಿಟ್ಟವನು ನಾನು. ಮಲಗಲು, ಅಡುಗೆ ಮಾಡಲು ಜಾಗವಿರುವ ಈ ವ್ಯಾನಿನ ವೈರಿಂಗೆಲ್ಲ ನನ್ನದೇ. ನಿನ್ನೆ ಜಂಗಮಕೋಟೆಯಲ್ಲಿ ನೀರಿಗೆಂದು ನಿಂತ ಮನೆಯ ಮುನಿಯಮ್ಮನಿಗೆ ಆ ಹೆಮ್ಮೆಯಲ್ಲೇ ಹೇಳಿದೆ: "ಬ್ಯಾಟರಿ ಫ್ರಿಜ್ಜು ಕಣಕ್ಕ, ಕರೆಂಟೇ ಬೇಡ. ಕೊಡು, ಕೆಡದಂಗೆ ತಲುಪಿಸ್ತೀನಿ."

ಅವರ ಹಸು ಕರು ಹಾಕಿತ್ತು. ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಬಸುರಿ ಮಗಳು ರತ್ನ ಗಿಣ್ಣು ಬೇಕೆಂದಿದ್ದಳಂತೆ. ಗಿಣ್ಣು ಹಾಲಿನ ಡಬ್ಬಿ ತೆಗೆದುಕೊಂಡು ಫ್ರಿಜ್ಜಿನಲ್ಲಿಟ್ಟೆ.

ಸಂಜೆ ಚಿಕ್ಕಬಳ್ಳಾಪುರದಲ್ಲಿ ಗೆಳೆಯರು ಸಿಕ್ಕರು. ಅವರಿಗೆ ತೋರಿಸಲೆಂದು ಅದೇ ಬ್ಯಾಟರಿಯಲ್ಲಿ ಟಿವಿ, ಫ್ಯಾನು, ಕರೆಂಟ್ ಒಲೆ ಎಲ್ಲ ಓಡಿಸಿದೆ.

ಇವತ್ತು ಮಧ್ಯಾಹ್ನ ಫ್ಯಾಕ್ಟರಿ ಗೇಟಿನ ಮುಂದೆ ಫ್ರಿಜ್ ತೆಗೆದರೆ ಒಳಗೆಲ್ಲ ಬೆಚ್ಚಗಿತ್ತು. ಚಾರ್ಜು ಇಳಿದು ರಾತ್ರಿಯೇ ನಿಂತುಹೋಗಿತ್ತು. ರತ್ನ ಡಬ್ಬಿಯ ಮುಚ್ಚಳ ತೆಗೆದಳು. ಹುಳಿ ವಾಸನೆ ನನ್ನ ಮೂಗಿಗೂ ಬಡಿಯಿತು.

"ನಿಮ್ಮಮ್ಮ ಕೊಟ್ಟಾಗ್ಲೇ ಹಿಂಗಿತ್ತೇನೋ," ಎಂದುಬಿಟ್ಟೆ.

ಅವಳು ನನ್ನ ಮುಖ ನೋಡಿದಳು, ಆಮೇಲೆ ಫ್ರಿಜ್ಜಿನೊಳಗೆ ಕೈಯಿಟ್ಟು ನೋಡಿದಳು. ಅಷ್ಟರಲ್ಲಿ ಅವಳಿಗೆ ಅಮ್ಮನ ಫೋನು ಬಂತು.

"ಹೂಂ ಕಣಮ್ಮ, ಬಂತು. ಚೆನ್ನಾಗೈತೆ. ಅಣ್ಣ ಜೋಪಾನವಾಗಿ ತಂದವ್ರೆ."

ಹಾಲನ್ನು ಗಿಡದ ಬುಡಕ್ಕೆ ಚೆಲ್ಲಿ ಡಬ್ಬಿ ತೊಳೆದಳು. ಗಿಣ್ಣು ಬಂದ ಪಾತ್ರೆಯನ್ನು ಬರಿದಾಗಿ ಕಳಿಸುವಂತಿಲ್ಲ. ಗಿಣ್ಣು ಮಾಡಲೆಂದು ಕೊಂಡು ಚೀಲದಲ್ಲಿಟ್ಟುಕೊಂಡಿದ್ದ ಬೆಲ್ಲವನ್ನೇ ಅದರೊಳಗಿಟ್ಟಳು.

"ಅಮ್ಮಂಗೆ ಕೊಡಣ್ಣ. ಹೊಟ್ಟೆ ತುಂಬಾ ತಿಂದ್ಲು ಅನ್ನು."

ನಾನು ತಲೆಯಾಡಿಸಿದೆ. ತಪ್ಪಾಯ್ತು ಅನ್ನುವ ಒಂದು ಮಾತು ಆಗಲೂ ಬಾಯಿಂದ ಹೊರಡಲಿಲ್ಲ.

ವಾಪಸು ಜಂಗಮಕೋಟೆಗೆ ಹೊರಟಿದ್ದೇನೆ. ಈಗ ನನ್ನ ಬಳಿ ಇರುವುದು ಒಂದು ವ್ಯಾನು, ಒಂದು ಬ್ಯಾಟರಿ, ಒಂದು ಫ್ರಿಜ್ಜು, ಎರಡು ಅಚ್ಚು ಬೆಲ್ಲ.