ಕೆಂಪುಕಲ್ಲಿನ ಮೇಲೆ ಕೆಂಪುಕಲ್ಲಿನ ಫೋಟೋ

ಸ್ನೇಹಿತರೇ, ಒಂದು ಟೈಲ್ಸ್ ಬಾಕ್ಸಿನ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಎದ್ದರೆ ಮನೆಯೊಡತಿ ಮನಸ್ಸು ಬದಲಾಯಿಸಿಯಾರು ಎಂಬ ಭಯ.

ಅತ್ತಾವರದಲ್ಲಿ ನಾನು ಡಿಸೈನ್ ಮಾಡಿದ ಮನೆ ಇದು. ಸಿಮೆಂಟು ಕಡಿಮೆಯಾದಷ್ಟೂ ಅದರ ಕಾರ್ಖಾನೆಯ ಇಂಗಾಲದ ಹೊಗೆ ಕಡಿಮೆ ಎಂದು, ಕೆಂಪುಕಲ್ಲಿನ ಗೋಡೆಗೆ ಪ್ಲಾಸ್ಟರ್ ಬೇಡವೆಂದು ಮೊದಲೇ ಮಾತಾಗಿತ್ತು. ಇವತ್ತು ಬೆಳಿಗ್ಗೆ ಬಂದರೆ ಮೇಸ್ತ್ರಿ ಐತಪ್ಪಣ್ಣ ಅದೇ ಗೋಡೆಗೆ ಸಿಮೆಂಟು ಕಲಸುತ್ತಿದ್ದಾರೆ. ಮನೆಯೊಡತಿ, ನಿವೃತ್ತ ನರ್ಸ್ ಜೆಸಿಂತಾ ಬಾಯಿ, ಪಕ್ಕದಲ್ಲೇ ನಿಂತಿದ್ದಾರೆ.

"ಹೀಗೇ ಬಿಟ್ರೆ ಕೆಲಸ ಅರ್ಧಕ್ಕೆ ನಿಂತಿದೆ ಅಂತ ಜನ ಹೇಳ್ತಾರೆ ಮಾರಾಯ್ತಿ. ಪ್ಲಾಸ್ಟರ್ ಮಾಡಿ ಮೇಲಿಂದ ಟೈಲ್ಸ್ ಹಾಕುವ" ಎಂದರು ಬಾಯಿ.

"ಎಂತ ಟೈಲ್ಸ್ ಬಾಯಿ?"

"ಭಾರೀ ಚಂದ ಉಂಟು. ಕೆಂಪುಕಲ್ಲಿನ ಡಿಸೈನ್!"

ನಾನು ಬಾಕ್ಸಿನಿಂದ ಒಂದು ಟೈಲ್ಸ್ ತೆಗೆದು ಗೋಡೆಯ ಪಕ್ಕ ಹಿಡಿದೆ. "ಈ ಕಲ್ಲು ಇಲ್ಲೇ ಹತ್ತಿರದ್ದು. ಅದನ್ನು ಸಿಮೆಂಟಲ್ಲಿ ಮುಚ್ಚಿ, ಅದರದ್ದೇ ಫೋಟೋವನ್ನು ಗುಜರಾತಿನಿಂದ ಲಾರಿಯಲ್ಲಿ ತರಿಸಿ ಅಂಟಿಸುವುದಾ? ನಾನು ಬಿಡುವುದಿಲ್ಲ."

ಐತಪ್ಪಣ್ಣ ಕರಣೆ ಕೆಳಗಿಟ್ಟರು. "ನಾನು ಕಟ್ಟಿದ್ದೇ ಚಂದ ಉಂಟು ಬಾಯಿ."

ಇಬ್ಬರನ್ನೂ ನೋಡಿ ಜೆಸಿಂತಾ ಬಾಯಿ ತೀರ್ಪು ಕೊಟ್ಟರು: "ಭಾನುವಾರದವರೆಗೆ ನೋಡುವ. ಚರ್ಚಿಗೆ ಹೋಗುವವರಲ್ಲಿ ಒಬ್ಬರಾದರೂ 'ಪ್ಲಾಸ್ಟರ್ ಯಾವಾಗ' ಅಂತ ಕೇಳಿದ್ರೆ ಟೈಲ್ಸೇ."

ಆದ್ದರಿಂದ ಭಾನುವಾರ ಈ ದಾರಿಯಲ್ಲಿ ಬರುವವರೇ, ಗೋಡೆ ಚೆನ್ನಾಗಿಲ್ಲ ಎಂದು ಬೇಕಾದರೂ ಹೇಳಿ. ಪ್ಲಾಸ್ಟರ್ ಯಾವಾಗ ಎಂದು ಮಾತ್ರ ಕೇಳಬೇಡಿ. ಬೆಳಿಗ್ಗೆ ಚರ್ಚಿನ ಮೊದಲ ಪೂಜೆಯಿಂದಲೇ ಗೇಟಿನ ಹತ್ತಿರ ನಾನು ನಿಂತಿರುತ್ತೇನೆ.