ಬಾಲ ಬಡಿಯದ ಜೀವಗಳು

ಶ್ರೀನಿವಾಸಪುರದ ಬಳಿಯ ನನ್ನ ಗಂಡನ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದೆವು. ಮೊಟ್ಟೆಯೊಡೆದು ಮರಿ ಹೊರಬರುವ ದಿನ ಹುಳುಮನೆಗೆ ನಾನು ಕಾಲಿಡುವಂತಿರಲಿಲ್ಲ. ಮಕ್ಕಳಾಗದವಳ ಕಣ್ಣು ಬಿದ್ದರೆ ಮರಿ ಸಾಯುತ್ತದೆ ಎಂಬುದು ಅತ್ತೆಯ ಶಾಸ್ತ್ರ. ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ, ಕಸ ಬಳಿಯುವಾಗ ಮಾತ್ರ ನನ್ನಲ್ಲಿ ಯಾವ ದೋಷವೂ ಇರುತ್ತಿರಲಿಲ್ಲ. ಏಳು ವರ್ಷ ಯಾರ್ಯಾರೋ ಕೊಟ್ಟ ಬೇರು ನಾರು ನುಂಗಿ ನಾಲಿಗೆಯ ರುಚಿಯೇ ಹೋಗಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ಕೋಲಾರದ ಡಾಕ್ಟರೊಬ್ಬರು ನನ್ನನ್ನು ನೋಡಿ, "ನಿಮ್ಮಲ್ಲೇನೂ ತೊಂದರೆ ಇಲ್ಲಮ್ಮ, ಯಜಮಾನ್ರನ್ನ ಕರ್ಕೊಂಡ್ಬನ್ನಿ" ಎಂದರು. ಕಾಡಿ ಬೇಡಿ ಇವರನ್ನು ಕರೆದೊಯ್ದೆ. ಪರೀಕ್ಷೆ ಮುಗಿದ ಮೇಲೆ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ನಮ್ಮಿಬ್ಬರಿಗೂ ತೋರಿಸಿದರು. ಪುಟ್ಟ ಪುಟ್ಟ ತಲೆಗಳು, ಮೊಂಡು ಬಾಲಗಳು. ಒಂದೂ ಮಿಸುಕುತ್ತಿರಲಿಲ್ಲ.

"ಸತ್ತೋಗಿವೆಯಾ ಸಾರ್?" ಎಂದು ಇವರು ಕೇಳಿದರು.

"ಇಲ್ಲ, ಜೀವ ಇದೆ. ಬಾಲದೊಳಗೆ ಪ್ರೋಟೀನಿನ ಸಣ್ಣ ಎಳೆಗಳಿರ್ತವೆ. ಅವು ಒಂದರ ಪಕ್ಕ ಒಂದು ಜಾರಿದ್ರೆ ಬಾಲ ಬಡಿಯುತ್ತೆ, ವೀರ್ಯಾಣು ಈಜುತ್ತೆ. ನಿಮ್ಮಲ್ಲಿ ವೀರ್ಯಾಣು ಬೆಳೆಯುವಾಗ್ಲೇ ಆ ಎಳೆಗಳು ಸರಿಯಾಗಿ ಕೂಡಿಕೊಳ್ಳಲ್ಲ ಅನ್ಸುತ್ತೆ. ಹುಟ್ಟಿನಿಂದ ಬಂದದ್ದು, ನಿಮ್ಮ ತಪ್ಪಲ್ಲ. ಆದ್ರೆ ಇದಕ್ಕೆ ಔಷಧಿ ಇಲ್ಲ."

ನಿಮ್ಮ ತಪ್ಪಲ್ಲ ಎಂಬ ಮಾತನ್ನು ಅಷ್ಟು ವರ್ಷ ನನಗೆ ಒಬ್ಬರೂ ಹೇಳಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಇವರು, "ಅಮ್ಮನಿಗೆ ಹೇಳ್ಬೇಡ ಕಣೇ, ಊರಲ್ಲಿ ತಲೆ ಎತ್ತೋಕಾಗಲ್ಲ" ಎಂದರು. ಪಾಪ ಅನ್ನಿಸಿ ಸುಮ್ಮನಾದೆ.

ಆ ವರ್ಷವೇ ಅತ್ತೆ ಇವರಿಗೆ ಇನ್ನೊಂದು ಮದುವೆ ಮಾಡಲು ಹೊರಟರು. ಹೆಣ್ಣು ಮಾಲೂರಿನಲ್ಲಿದ್ದ ನನ್ನ ತಂಗಿ. ಅಕ್ಕನಿಗೆ ಮಕ್ಕಳಾಗದಿದ್ದರೆ ತಂಗಿಯನ್ನೂ ಅದೇ ಮನೆಗೆ ಕೊಡುವುದು ನಮ್ಮಲ್ಲಿ ಹೊಸದಲ್ಲ. ಅಪ್ಪ ಒಪ್ಪಿಯೂ ಬಿಟ್ಟಿದ್ದ. ಇವರು ತುಟಿ ಬಿಚ್ಚಲಿಲ್ಲ. ಒಬ್ಬಳೇ ಮಾಲೂರಿಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ.

"ಗಂಡನ ಮಾನ ಬೀದಿಗೆ ತರಬೇಡಮ್ಮ. ಜಾತಕ ಕೂಡಲ್ಲ ಅಂತ ಹೇಳಿ ಕಳಿಸ್ತೀನಿ" ಎಂದಳು ಅಮ್ಮ. ತಂಗಿ ಉಳಿದಳು.

ಅತ್ತೆ ನಂಗಲಿ ಕಡೆಯ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದರು. ಈ ಸಲ ಅತ್ತೆಗೇ ಹೇಳಿದೆ. ಹೊಟ್ಟೆಕಿಚ್ಚಿಗೆ ಬಾಯಿಗೆ ಬಂದದ್ದು ಬೊಗಳುತ್ತೀಯ ಎಂದರು. ಇವರು ಚಪ್ಪಲಿ ಮೆಟ್ಟಿಕೊಂಡು ತೋಟಕ್ಕೆ ಹೋದರು.

ಮದುವೆಯಾಗಿ ಎರಡು ವರ್ಷವಾದರೂ ಅವಳಿಗೂ ಮಕ್ಕಳಾಗಲಿಲ್ಲ. ಅತ್ತೆ ಅವಳಿಗೆ ತಣ್ಣೀರು ಸುರಿದು, ಒದ್ದೆ ಸೀರೆಯಲ್ಲೇ ನಾಗರಕಲ್ಲು ಸುತ್ತಿಸತೊಡಗಿದರು. ಚಳಿಗೆ ನಡುಗುತ್ತಿದ್ದವಳನ್ನು ನೋಡಲಾರದೆ ಒಂದು ದಿನ ಪಕ್ಕಕ್ಕೆ ಕರೆದು ಕೋಲಾರದ ಸಂಗತಿ ಹೇಳಿಬಿಟ್ಟೆ.

"ಗೊತ್ತಕ್ಕ" ಎಂದಳು. ಅಪ್ಪನನ್ನು ಅವಳು ನಾಯ್ನ ಎನ್ನುತ್ತಿದ್ದಳು. "ಹೆಣ್ಣು ನೋಡೋಕೆ ಬಂದಾಗ್ಲೇ ಇವ್ರು ನಮ್ಮ ನಾಯ್ನಂಗೆ ಹೇಳಿದ್ರು. ನಿನ್ನ ಹಿಂದೆ ಇನ್ನೂ ಮೂವರು ತಂಗೀರಿದ್ದಾರೆ, ಹೋಗು ಅಂದ ನಾಯ್ನ."

ಸೆರಗು ಹಿಂಡಿಕೊಂಡಳು. "ಅತ್ತೆ ನೋಡ್ತಾವ್ರೆ, ಬರ್ತೀನಕ್ಕ" ಎಂದು ಉಳಿದ ಸುತ್ತು ಹಾಕಲು ಹೋದಳು.